ಎರಡು ಎತ್ವ

ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಮನುಷ್ಯನಿಗೆ ಅಲ್ಲಿಯವರು ಇಟ್ಟ ಅಡ್ಡಹೆಸರು ಕರಡಿ. "ಒಂದು ಉಕಾರ ಹೋಗಿ ಇಕಾರ ಬಂದ್ರೆ ಸಾಕು ನೋಡ್ರಪ್ಪ, ಮೈತುಂಬ ಕೂದಲು ಬಂದುಬಿಡುತ್ತೆ" ಎಂದು ಅವರೇ ಹೇಳಿ ನಗುತ್ತಿದ್ದರು. ನಿವೃತ್ತಿಯ ದಿನ ಪ್ರೆಸ್ಸಿನವರು ಒಂದು ಗಡಿಯಾರ ಕೊಟ್ಟರು, ಹೆಸರನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅದು ಅವರ ಹಿಂದೆಯೇ ಮನೆಗೆ ಬಂತು. ಮೊಮ್ಮಗಳಿಗೆ ಅವರು ಕರಡಿ ತಾತ, ಓಣಿಯವರಿಗೂ ಕರಡಿ ತಾತ. ಸೊಸೆಯೊಬ್ಬಳು ಮಾತ್ರ ಮಾವ ಅನ್ನುತ್ತಿದ್ದಳು.

ತಪ್ಪು ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ. ಬೆಳಿಗ್ಗೆ ಬಂದ ಹಾಲಿನ ಪ್ಯಾಕೆಟ್ಟು ನೇರ ಒಲೆಗೆ ಹೋಗುವಂತಿರಲಿಲ್ಲ, ಮೊದಲು ತಾತನ ಕೈಗೆ ಹೋಗಬೇಕು. ‘ತಂಪಾದ ಸ್ಥಳದಲ್ಲಿ ಇಡಿ’ ಅನ್ನುವ ಕಡೆ ‘ಸ್ತಳ’ ಎಂದು ಅಚ್ಚಾಗಿತ್ತು. ಹಾಲಿನವರು ಎರಡು ವರ್ಷದಿಂದ ಅದನ್ನು ತಿದ್ದಿರಲಿಲ್ಲ, ತಾತ ಎರಡು ವರ್ಷದಿಂದ ಅದನ್ನು ಬಿಟ್ಟಿರಲಿಲ್ಲ. ದಿನಾ ಕೆಂಪು ಪೆನ್ನು ಹಿಡಿದು ಒತ್ತಕ್ಷರ ಸರಿಮಾಡುವರು. ಸೊಸೆ ಖಾಲಿ ಪಾತ್ರೆ ಹಿಡಿದು ಪಕ್ಕದಲ್ಲಿ ನಿಂತಿರುವಳು.

"ಮಾವ, ಆಯ್ತಾ? ಎಂಟೂವರೆಗೆ ನಾನು ಕೆಲಸದಲ್ಲಿರ್ಬೇಕು."

"ಆಯ್ತಮ್ಮ. ಈಗ ಕಾಯ್ಸು."

ಸೊಸೆಯ ಕೆಲಸ ಎರಡು ಬೀದಿ ಆಚೆಯ ಬೈಂಡಿಂಗ್ ಅಂಗಡಿಯಲ್ಲಿ. ಏಳನೇ ಕ್ಲಾಸು ಮುಗಿದ ಕೂಡಲೇ ಶಾಲೆ ಬಿಡಿಸಿ ಅವಳನ್ನು ಅಲ್ಲಿಗೆ ಸೇರಿಸಿದ್ದರು. ಅಂದಿನಿಂದ ಕಾಗದ ಮಡಚುವುದು, ಹೊಲಿಯುವುದು, ಅಂಟಿಸುವುದು. ಬೆರಳಿನ ಸಂದಿಯಲ್ಲಿ ಒಣಗಿದ ಅಂಟು ಅವಳಿಗೆ ಮದುವೆಯ ದಿನವೂ ಇತ್ತು. ಅವಳ ಗಂಡ, ಅಂದರೆ ತಾತನ ಮಗ, ಲಿಫ್ಟು ರಿಪೇರಿ ಮಾಡುವವನು. ಮಗಳು ಈಗ ಏಳನೇ ಕ್ಲಾಸು. ತಾತನ ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು. ಆಮೇಲೆ ಮನೆ ನಡೆದದ್ದೆಲ್ಲ ಸೊಸೆಯ ಕೈಯಲ್ಲಿ. ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಹೇಳುವ ವಿಷಯವೆಂದು ಯಾರಿಗೂ ಅನಿಸಿಯೂ ಇರಲಿಲ್ಲ.

ಆ ಮನೆಗೆ ಆಟ ಬಂದದ್ದು ಹೀಗೆ. ತಾತನಿಗೆ ಪರಿಚಯದವರೊಬ್ಬರು ಒಳಾಂಗಣ ಆಟಗಳನ್ನು ಮಾಡಿ ಮಾರುವ ಸಣ್ಣ ಅಂಗಡಿ ಇಟ್ಟಿದ್ದರು. ಅವರು ‘ಕೆಂಪು ಗ್ರಹದ ಒಕ್ಕಲು’ ಎನ್ನುವ ಹೊಸ ಆಟವೊಂದನ್ನು ಹೊರಗೆ ತರುವವರಿದ್ದರು. ಬರಡು ಗ್ರಹಕ್ಕೆ ಹೋಗಿ ಒಕ್ಕಲಾಗುವ ಆಟ. ನಿಯಮದ ಪುಸ್ತಕವೇ ಇಪ್ಪತ್ತನಾಲ್ಕು ಪುಟ. "ಸಾರ್, ನೀವೇ ನೋಡಿಕೊಡ್ಬೇಕು. ಆಟದ ಪುಸ್ತಕದಲ್ಲಿ ಒಂದಕ್ಷರ ತಪ್ಪಿದ್ರೂ ಮನೆಮನೇಲಿ ಜಗಳ" ಎಂದು ಅವರು ಕರಡನ್ನು ತಂದುಕೊಟ್ಟರು.

ತಾತ ಎರಡು ವಾರ ಊಟದ ಮೇಜನ್ನು ಆಕ್ರಮಿಸಿದರು. ಉಳಿದವರು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡರು. ಪುಸ್ತಕ ಅಚ್ಚಾಯಿತು, ಕೊನೆಯ ಪುಟದಲ್ಲಿ ‘ಕರಡು ತಿದ್ದಿದವರು’ ಎಂದು ಅವರ ಹೆಸರೂ ಬಂತು. ಮೂವತ್ತೆಂಟು ವರ್ಷದಲ್ಲಿ ಎಂದೂ ಎಲ್ಲೂ ಬಾರದ ಹೆಸರು ಅದು. ಮಡಚಲು ಆ ಹಾಳೆಗಳು ಹೋದದ್ದು ಸೊಸೆಯ ಅಂಗಡಿಗೇ.

"ಅಪ್ಪ ತಿದ್ದಿದ್ದು, ಇವಳು ಮಡಚಿದ್ದು. ನಾನು ಅದನ್ನ ಲಿಫ್ಟಲ್ಲಿ ಹತ್ತಿಸಿ ಇಳಿಸಿದ್ರೆ ಇಡೀ ಮನೆಯವರ ಕೈ ಸೇರಿದಂತಾಯ್ತು" ಎಂದ ಮಗ.

ಗೌರವದ ಪ್ರತಿಯಾಗಿ ಆಟದ ಪೆಟ್ಟಿಗೆಯೊಂದು ಮನೆಗೆ ಬಂತು. ಮುಂದಿನ ಭಾನುವಾರ ಮಧ್ಯಾಹ್ನ ಊಟದ ತಟ್ಟೆಗಳು ತೊಟ್ಟಿಗೆ ಹೋದ ಮೇಲೆ ತಾತ ಹಲಗೆ ಬಿಡಿಸಿ, ಕನ್ನಡಕ ಒರೆಸಿಕೊಂಡು, ಪುಸ್ತಕ ಹಿಡಿದರು.

"ನೋಡಿ, ಆರು ಮೂಲೆಯ ಅರವತ್ತೊಂದು ಮನೆ. ಇದೇ ಗ್ರಹ. ಇಲ್ಲಿ ಈಗ ಗಾಳಿಯಿಲ್ಲ, ನೀರಿಲ್ಲ, ಬಿಸಿಯಿಲ್ಲ. ನಾವು ನಾಲ್ಕು ಜನ ನಾಲ್ಕು ಹಡಗಲ್ಲಿ ಬಂದು ಇಳಿದಿದ್ದೀವಿ."

"ನನ್ ಹಡಗು ಹಳದಿ!" ಎಂದಳು ಮೊಮ್ಮಗಳು.

"ಆಯ್ತು, ಹಳದಿ. ಒಬ್ಬೊಬ್ಬರ ಸರದಿಗೆ ಎರಡು ಕೆಲಸ. ಗಣಿ ತೋಡಬಹುದು, ನೀರಿನ ಕೊಳವೆ ಎಳೀಬಹುದು, ಊರು ಕಟ್ಟಬಹುದು, ಕಾಡು ಬೆಳೆಸಬಹುದು. ಯಾವ ಕೆಲಸ ಮಾಡ್ತೀರೋ ಅದರ ಬಿಲ್ಲೆ ತಗೊಂಡು ಖಾಲಿ ಮನೇಲಿ ಇಡೋದು. ಪಕ್ಕದಲ್ಲಿ ಮೂರು ಏಣಿ ಇದೆಯಲ್ಲ? ಗಣಿ ತೋಡಿದ್ರೆ ಬಿಸಿಯ ಏಣಿ ಒಂದು ಮೆಟ್ಟಿಲು ಮೇಲಕ್ಕೆ. ಕೊಳವೆಗೆ ನೀರಿನ ಏಣಿ, ಕಾಡಿಗೆ ಗಾಳಿಯ ಏಣಿ. ಮೂರೂ ತುದಿ ಮುಟ್ಟಿದ್ರೆ ಗ್ರಹ ಬದುಕೋಕೆ ಯೋಗ್ಯ ಆಯ್ತು ಅಂತ. ಆಟ ಮುಗೀತು. ಆಮೇಲೆ ಅಂಕ."

"ಅಂಕ ಹೆಂಗೆ?" ಎಂದ ಮಗ. ಅವನಿಗೆ ಅಷ್ಟೇ ಬೇಕಿತ್ತು.

ತಾತ ಹದಿನೇಳನೇ ಪುಟ ತೆಗೆದು ಗಟ್ಟಿಯಾಗಿ ಓದಿದರು. "‘ಪ್ರತಿ ಊರಿಗೆ ಮೂರು ಅಂಕ, ಅದನ್ನು ಕಟ್ಟಿದವರಿಗೆ. ಪ್ರತಿ ಗಣಿಗೆ ಒಂದು ಅಂಕ, ಅದನ್ನು ಬಳಸಿದವರಿಗೆ. ಪ್ರತಿ ಕಾಡಿಗೆ ಎರಡು ಅಂಕ, ಅದನ್ನು ಬಳಸಿದವರಿಗೆ.’"

"ಕಾಡು ಬಳಸೋದು ಅಂದ್ರೇನಪ್ಪ?"

ತಾತ ಒಂದು ಗಳಿಗೆ ತಡವರಿಸಿದರು. ಆಮೇಲೆ, ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವಿಲ್ಲದ್ದರಿಂದ, ಹೇಳಿದರು: "ಕಾಡಿನ ಪಕ್ಕ ಯಾರ ಊರಿದೆಯೋ ಅವರು. ಅಲ್ಲಿನ ಗಾಳಿ ಕುಡಿಯೋರು ಅವರೇ ತಾನೆ? ಇಬ್ಬರ ಊರಿದ್ರೆ ಮೊದಲು ಕಟ್ಟಿದೋರಿಗೆ."

"ಮತ್ತೆ ಬೆಳೆಸಿದೋರಿಗೆ?" ಸೊಸೆ ಅಡುಗೆಮನೆ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದಳು.

"ಬೆಳೆಸಿದೋರಿಗೆ ಏಣಿ ಹತ್ತಿಸಿದ ಪುಣ್ಯ" ಎಂದು ತಾತ ನಕ್ಕರು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಆಟ ಶುರುವಾಯಿತು. ಮಗ ಊರಿನ ಮೇಲೆ ಊರು ಕಟ್ಟಿದ. ತಾತ ಗಂಭೀರವಾಗಿ ಗಣಿ ತೋಡಿದರು. ಮೊಮ್ಮಗಳು ಹಳದಿ ಕೊಳವೆಯನ್ನು ಹಲಗೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದಳು. ಕಾಡು ಮಾತ್ರ ಯಾರಿಗೂ ಬೇಡ. ಇಟ್ಟರೆ ತನಗೇನೂ ಸಿಗುವುದಿಲ್ಲ, ಪಕ್ಕದವನ ಹೊಟ್ಟೆ ತುಂಬುತ್ತದೆ. ಹಾಗಾಗಿ ಗಾಳಿಯ ಏಣಿ ಕೆಳಗೇ ಕೂತಿತ್ತು. ಮೂರೂವರೆಯಾಯಿತು. ಸೊಸೆ ಗಡಿಯಾರ ನೋಡಿದಳು, ಒಂದು ಹಸಿರು ಬಿಲ್ಲೆ ತೆಗೆದು ಇಟ್ಟಳು. ಮುಂದಿನ ಸರದಿಗೆ ಇನ್ನೆರಡು.

"ಯಾಕಮ್ಮ ಬರೀ ಕಾಡು?" ಎಂದಳು ಮಗಳು.

"ಯಾರಾದ್ರೂ ಬೆಳೆಸ್ಬೇಕಲ್ಲ? ಇಲ್ದಿದ್ರೆ ಏಣಿ ಹತ್ತಲ್ಲ, ಆಟ ಮುಗಿಯಲ್ಲ. ನಂಗೆ ಪಾತ್ರೆ ತೊಳೆಯೋದಿದೆ."

ಅವಳು ಕಾಡು ಇಟ್ಟಲ್ಲೆಲ್ಲ ಗಂಡನ ಕೆಂಪು ಊರು ಎದ್ದಿತು. ಅವನಿಗೆ ನಲವತ್ತಾರು ಅಂಕ, ತಾತನಿಗೆ ಮೂವತ್ತು, ಮಗಳಿಗೆ ಇಪ್ಪತ್ತೊಂದು, ಅವಳಿಗೆ ಆರು. "ಮೊದಲ ಸಲ ಅಲ್ವಾ?" ಎಂದು ಸಮಾಧಾನ ಮಾಡಿ ಗಂಡ ಮೈಮುರಿದು ಎದ್ದ. ಅವಳು ಪಾತ್ರೆ ತೊಳೆಯಲು ಹೋದಳು.

ಎರಡನೇ ಭಾನುವಾರ ಹಾಗೇ. ಮೂರನೆಯದೂ ಹಾಗೇ. "ಅಮ್ಮಂಗೆ ಈ ಆಟ ಹತ್ತಲ್ಲ" ಎಂದು ಮಗಳು ಶಾಲೆಯ ಗೆಳತಿಯರಿಗೆ ಹೇಳುವುದನ್ನು ಸೊಸೆ ಕೇಳಿಸಿಕೊಂಡಳು. ಹುಡುಗಿಯ ದನಿಯಲ್ಲಿ ಬೈಗುಳವಿರಲಿಲ್ಲ, ಅಮ್ಮನಿಗೆ ಈಜು ಬರಲ್ಲ ಅನ್ನುವಷ್ಟೇ ಸಲೀಸಾಗಿ ಅಂದಿದ್ದಳು. ಅದೇ ಅವಳಿಗೆ ಚುಚ್ಚಿತು.

ನಾಲ್ಕನೇ ಭಾನುವಾರ ಅವಳು ಹನ್ನೊಂದು ಕಾಡು ಬೆಳೆಸಿದಳು. ಆಟ ಮುಗಿದು ಅಂಕ ಹಾಕುವಾಗ, ಯಾರನ್ನೂ ಕೇಳದೆ, ಹಸಿರು ಬಿಲ್ಲೆಗಳ ಮೇಲೆ ಬೆರಳಿಡುತ್ತ ಹೋದಳು. "ನಂಗೆ ಇಪ್ಪತ್ತೆರಡು, ಊರಿಂದು ಆರು. ಇಪ್ಪತ್ತೆಂಟು."

"ಅಮ್ಮ! ಅದೆಲ್ಲ ಅಪ್ಪಂದು!"

"ಬೆಳೆಸಿದ್ದು ನಾನು."

"ಆದ್ರೆ ಬಳಸಿದ್ದು ಅಪ್ಪ. ತಾತ, ನೋಡು, ಅಮ್ಮ ಮೋಸ ಮಾಡ್ತಿದಾಳೆ!"

"ಏನಮ್ಮಾ ಇದು?" ಎಂದರು ತಾತ. "ಪುಸ್ತಕದಲ್ಲಿ ಸ್ಪಷ್ಟವಾಗಿದೆಯಲ್ಲ."

"ಇದೆ ಮಾವ. ಆದ್ರೆ ಆಟ ಮಾಡಿದೋರು ಹಂಗೆ ಮಾಡಿರಲ್ಲ. ಬೆಳೆಸಿದೋರಿಗೆ ಏನೂ ಸಿಗ್ದಿದ್ರೆ ಯಾರು ಬೆಳೆಸ್ತಾರೆ? ಅಷ್ಟು ಯೋಚ್ನೆ ಅವರಿಗಿರಲ್ವಾ? ಪುಸ್ತಕದಲ್ಲೇ ಏನೋ ತಪ್ಪಾಗಿರ್ಬೇಕು."

ಮಗ ಚಹಾದ ಲೋಟವನ್ನು ಕೆಳಗಿಟ್ಟ. ಆ ಮನೆಯಲ್ಲಿ ಆಡಬಾರದ ಮಾತು ಅದೊಂದೇ ಇತ್ತು, ಅದನ್ನೇ ಅವಳು ಆಡಿದ್ದಳು.

"ನಾನು ತಿದ್ದಿದ ಪುಸ್ತಕದಲ್ಲಿ ತಪ್ಪಾ?" ತಾತ ಕನ್ನಡಕ ತೆಗೆದರು. "ದೊಡ್ಡ ದೊಡ್ಡ ಪ್ರೊಫೆಸರುಗಳು ನನ್ನ ಮುಂದೆ ಕೈಕಟ್ಟಿ ನಿಂತು, ಸರಿಯಾಗಿದೆಯಾ ಸಾರ್ ಅಂತ ಕೇಳಿ ಹೋಗಿದ್ದಾರೆ. ನೀನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಾಗದ ಮಡಚೋದು ಕಲಿತಿದ್ದೀಯ, ಅದರ ಮೇಲಿರೋದನ್ನ ಓದೋದು ಕಲಿತಿಲ್ಲ. ಸೋಲೋಕಾಗ್ದಿದ್ರೆ ಆಡ್ಬೇಡ. ಮೋಸ ಮಾತ್ರ ಮಾಡ್ಬೇಡ, ಮಗು ನೋಡ್ತಾ ಇದೆ."

ಮಗು ನೋಡುತ್ತಲೇ ಇತ್ತು. ಸೊಸೆ ಕಿವಿಯವರೆಗೂ ಕೆಂಪಾದಳು. ಗಂಡನ ಕಡೆ ಒಮ್ಮೆ ನೋಡಿದಳು. ಅವನು ತನ್ನ ಕೆಂಪು ಊರುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕುತ್ತಿದ್ದ, ಅಷ್ಟು ಜೋಪಾನವಾಗಿ ಅವನು ಅದುವರೆಗೆ ಏನನ್ನೂ ಎತ್ತಿಟ್ಟಿರಲಿಲ್ಲ.

"ಸರಿ ಮಾವ" ಎಂದು ಅವಳು ಎದ್ದು ಹೋದಳು. ಅಂದಿನಿಂದ ಅವಳು ಆಡಲಿಲ್ಲ. ಭಾನುವಾರ ಬಂದರೆ ಹೊದಿಕೆ ಒಗೆಯುವುದಿರುತ್ತಿತ್ತು, ಇಲ್ಲವೇ ಕಿಟಕಿ ಒರೆಸುವುದು. ಊಟಕ್ಕೆ ಬಡಿಸುವಾಗ ‘ಇನ್ನೂ ಸ್ವಲ್ಪ?’ ಎಂದು ಕೇಳುತ್ತಿದ್ದಳು. ಅದರಾಚೆ ಮಾತಿಲ್ಲ.

ಜಗಳವಾದ ಮೂರನೇ ದಿನ, ಬುಧವಾರ, ಮನೆಯಲ್ಲಿ ತಾತ ಒಬ್ಬರೇ ಇದ್ದಾಗ ಆಟದ ಅಂಗಡಿಯವರ ಫೋನು ಬಂತು.

"ಸಾರ್, ಒಬ್ಬ ಗಿರಾಕಿ ಕೇಳ್ತಿದ್ರು. ಹದಿನೇಳನೇ ಪುಟದಲ್ಲಿ ಕಾಡಿನ ಅಂಕ ‘ಬಳಸಿದವರಿಗೆ’ ಅಂತ ಅಚ್ಚಾಗಿಬಿಟ್ಟಿದೆ. ಅದು ‘ಬೆಳೆಸಿದವರಿಗೆ’ ಸಾರ್. ಬರೆದಿದ್ದೂ ಹಂಗೇ. ಎಲ್ಲಿ ತಪ್ಪಿತೋ ಗೊತ್ತಾಗ್ತಿಲ್ಲ. ಕರಡು ನಿಮ್ಮ ಹತ್ರ ಇದ್ರೆ ಒಂಚೂರು ನೋಡ್ತೀರಾ?"

"ನೋಡ್ತೀನಿ" ಎಂದು ತಾತ ಫೋನಿಟ್ಟರು.

ತಿದ್ದಿದ ಕರಡುಗಳನ್ನೆಲ್ಲ ಅವರು ಮಂಚದ ಕೆಳಗಿನ ಟ್ರಂಕಿನಲ್ಲಿ ಇಡುತ್ತಿದ್ದರು. ಟ್ರಂಕು ಎಳೆಯುವಾಗ, ಅಕ್ಷರ ಜೋಡಿಸಿದವನು ಮಾಡಿದ ತಪ್ಪಾಗಿರಲಿ ಎಂದು ಬೇಡಿಕೊಂಡರು. ತನ್ನ ಕಣ್ಣು ತಪ್ಪಿ ಹೋಗಿದ್ದರೂ ಪರವಾಗಿಲ್ಲ, ವಯಸ್ಸಾಯಿತು ಎಂದು ಹೇಳಬಹುದು. ಹದಿನೇಳನೇ ಪುಟ ಸಿಕ್ಕಿತು. ಅಕ್ಷರ ಜೋಡಿಸಿದವನು ತಪ್ಪು ಮಾಡಿರಲಿಲ್ಲ. ‘ಬೆಳೆಸಿದವರಿಗೆ’ ಎಂದು ಸರಿಯಾಗಿಯೇ ಇತ್ತು. ಬೆ ಮತ್ತು ಳೆ ಎರಡರ ಎತ್ವವನ್ನೂ ಕೆಂಪು ಗೀಟಿನಲ್ಲಿ ಹೊಡೆದುಹಾಕಲಾಗಿತ್ತು. ಅಂಚಿನಲ್ಲಿ ‘ಬಳ’ ಎಂದು ಬರೆದು ಸುತ್ತು ಹಾಕಲಾಗಿತ್ತು. ಪಕ್ಕದಲ್ಲಿ ಇನ್ನೊಂದು ಮಾತು, ಅಡಿಗೆರೆಯ ಸಮೇತ: ‘ಮೇಲಿನ ಸಾಲಿನಂತೆ’.

ಮೇಲಿನ ಸಾಲಿನಲ್ಲಿ ಗಣಿ ಬಳಸಿದವರು ಇದ್ದರು. ಅದಕ್ಕೆ ಹೊಂದಲಿ ಎಂದು ಕೆಳಗಿನ ಸಾಲನ್ನು ಅವರೇ ಎಳೆದು ತಂದಿದ್ದರು. ಬರೆದ ದಿನದ ನೆನಪೂ ಬಂತು. ಎರಡು ಸಾಲು ಅಕ್ಕಪಕ್ಕ ನಿಂತದ್ದು ನೋಡಿ ಅವರಿಗೆ ಖುಷಿಯಾಗಿತ್ತು, ಇಂಥದ್ದೆಲ್ಲ ಬೇರೆಯವರ ಕಣ್ಣಿಗೆ ಬೀಳಲ್ಲ ಅಂದುಕೊಂಡಿದ್ದರು. ಅದೇ ಹೊತ್ತಿಗೆ ಸೊಸೆ ಬಂದು "ಮಾವ, ಅನ್ನ ಆರುತ್ತೆ" ಅಂದಿದ್ದಳು.

ಅವರಿಗೆ ನಾಚಿಕೆಯಾಯಿತು. ಬೈದದ್ದಕ್ಕಿಂತ ಹೆಚ್ಚಾಗಿ ಆ ಅಡಿಗೆರೆಗೆ ನಾಚಿಕೆಯಾಯಿತು. ತಪ್ಪು ಮಾಡಿದ್ದಲ್ಲದೆ ಅದರ ಕೆಳಗೆ ಗೆರೆ ಬೇರೆ ಎಳೆದಿದ್ದರು! ಕರಡನ್ನು ಮಡಚಿ ಟ್ರಂಕಿನ ತಳಕ್ಕೆ, ಹಳೆಯ ಸ್ವೆಟರಿನ ಕೆಳಗೆ, ತುರುಕಿದರು. ಮಧ್ಯಾಹ್ನ ತಾವೇ ಅಂಗಡಿಯವರಿಗೆ ಫೋನು ಮಾಡಿದರು.

"ಕರಡು ಸಿಗ್ತಾ ಇಲ್ಲ ಕಣಪ್ಪ. ಎಲ್ಲೋ ಹೋಗಿದೆ."

"ಹೋಗ್ಲಿ ಬಿಡಿ ಸಾರ್. ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕ್ಸಿ ಉಳಿದ ಪ್ರತಿಗಳಿಗೆ ಅಂಟಿಸ್ತೀವಿ."

ಎಲ್ಲಿ ಅಂಟಿಸುತ್ತಾರೆ, ಯಾರು ಅಂಟಿಸುತ್ತಾರೆ ಎಂದು ಅವರು ಕೇಳಲಿಲ್ಲ. ವಿಷಯ ಮುಗಿದರೆ ಸಾಕಾಗಿತ್ತು.

ಮನೆಯಲ್ಲಿ ಹೇಳಬೇಕು ಎಂದು ಅವರಿಗೆ ಗೊತ್ತಿತ್ತು. ಬುಧವಾರ ಸಂಜೆ ಹೇಳಬೇಕೆಂದಿದ್ದರು, ಮಗ ಯಾವುದೋ ಲಿಫ್ಟಿನ ಕಥೆ ತೆಗೆದ. ಗುರುವಾರ ಸೊಸೆಗೆ ತಲೆನೋವು. ಭಾನುವಾರ ಹೇಳೋಣ ಅಂದುಕೊಂಡರು. ಭಾನುವಾರ ಅವಳು ಕಿಟಕಿ ಒರೆಸಲು ಸ್ಟೂಲು ಹತ್ತಿದ್ದಳು, ಸ್ಟೂಲಿನ ಮೇಲೆ ನಿಂತವರಿಗೆ ಏನು ಹೇಳುವುದು! ಹೀಗೆ ದಿನಕ್ಕೊಂದು ನೆಪ ಸಿಗುತ್ತ ಹೋಯಿತು. ಒಂದು ವಾರವಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಇನ್ನೊಂದು ನಾಚಿಕೆ ಮೊದಲನೆಯದರ ಮೇಲೆ ಕೂತಿತು.

ಹೇಳುವ ಬದಲು ಅವರು ಕೆಲಸಕ್ಕೆ ಇಳಿದರು. ಆಲೂಗಡ್ಡೆ ಸಿಪ್ಪೆ ತೆಗೆದರು. ಒಣಗಿದ ಬಟ್ಟೆ ತಂದು ಮಡಚಿಟ್ಟರು, ಸೊಸೆ ಅದನ್ನೆಲ್ಲ ಮತ್ತೆ ಬಿಡಿಸಿ ಸರಿಯಾಗಿ ಮಡಚಿದಳು. ಒಂದು ದಿನ ನೆಲ ಒರೆಸಲು ಹೋಗಿ ಸೊಂಟ ಹಿಡಿಸಿಕೊಂಡರು.

"ಅಪ್ಪಂಗೆ ಏನಾಗಿದೆ?" ಎಂದ ಮಗ ಹೆಂಡತಿಗೆ.

"ಏನಾಗಿದೆಯೋ. ಅವರನ್ನೇ ಕೇಳಿ."

ಬೆಳಿಗ್ಗೆಯ ಹಾಲು ಈಗ ನೇರ ಒಲೆಗೆ ಹೋಗುತ್ತಿತ್ತು. ಪ್ಯಾಕೆಟ್ಟು ಮುಂದೆ ಬಂದರೆ ತಾತ ಮುಖ ತಿರುಗಿಸುತ್ತಿದ್ದರು. ‘ಸ್ತಳ’ ಸ್ತಳವಾಗಿಯೇ ಉಳಿಯಿತು. ಸೊಸೆ ಪಾತ್ರೆ ಹಿಡಿದು ಅಭ್ಯಾಸಬಲದಿಂದ ಒಂದು ನಿಮಿಷ ನಿಲ್ಲುವಳು, ಅವರ ಮುಖ ನೋಡುವಳು.

"ಮಾವ, ಏನಾದ್ರೂ ಹೇಳೋದಿತ್ತಾ?"

"ಇಲ್ಲಮ್ಮ. ನೀನು ಹೊರಡು, ಹೊತ್ತಾಯ್ತು."

ಎರಡು ಸಲ ಹಾಗೆ ಕೇಳಿದಳು. ಎರಡು ಸಲವೂ ಅವರು ಇಲ್ಲವೆಂದರು.

ನಾಲ್ಕನೇ ವಾರದ ಶನಿವಾರ ಸಂಜೆ ಆಗಬಾರದ್ದು ಆಯಿತು. ಸೊಸೆ ಕೆಲಸದಿಂದ ಬಂದವಳು, ಮಗಳ ಗಣಿತದ ಪುಸ್ತಕದ ಬೆನ್ನು ಹರಿದಿದೆಯೆಂದು ಮೇಜಿನ ಮೇಲೆ ಅಂಟು, ಬಟ್ಟೆಪಟ್ಟಿ ಹರವಿಕೊಂಡು ಕೂತಿದ್ದಳು. ತಾತ ಎದುರಿಗೆ ಕೂತು ಆಲೂಗಡ್ಡೆ ಹೆರೆಯುತ್ತಿದ್ದರು. ಮಗ ಚಪ್ಪಲಿ ಬಿಟ್ಟು ಆಗಷ್ಟೇ ಒಳಗೆ ಬಂದಿದ್ದ. ಪುಸ್ತಕ ಒದರಿದಾಗ ಪರೀಕ್ಷೆಯ ಹಾಳೆಯೊಂದು ಕೆಳಗೆ ಬಿತ್ತು. ಇಪ್ಪತ್ತೈದಕ್ಕೆ ಒಂಬತ್ತು. ಕೆಳಗೆ, ಪೋಷಕರ ಸಹಿ ಅನ್ನುವಲ್ಲಿ, ಸೊಸೆಯ ಸಹಿ.

"ಇದು ನಾನು ಹಾಕಿದ್ದಲ್ಲ" ಎಂದಳು ಸೊಸೆ.

ಮಗಳು ಹಾಳೆಗೆ ಕೈಚಾಚಿದಳು.

"ನನ್ ಸಹಿ ನೀನು ಹಾಕಿದ್ದೀಯಾ? ಅಂಕ ಕಮ್ಮಿ ಬಂದ್ರೆ ಬರ್ಲಿ, ನಾನು ಯಾವತ್ತಾದ್ರೂ ಹೊಡ್ದಿದ್ದೀನಾ? ಮೋಸ ಮಾಡೋದು ಯಾರು ಕಲಿಸಿದ್ರು ನಿಂಗೆ?"

ಹುಡುಗಿ ಸಿಕ್ಕಿಬಿದ್ದಿದ್ದಳು. ಸಿಕ್ಕಿಬಿದ್ದವರು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ. "ನೀನೇ! ಆಟದಲ್ಲಿ ಅಂಕ ಕದೀಲಿಲ್ವಾ ನೀನು? ತಾತನೇ ಹೇಳಿದ್ದು, ಮೋಸ ಅಂತ. ಮೋಸ ಮಾಡೋರು ನಂಗೆ ಹೇಳೋದೇನೂ ಬೇಡ."

"ಏಯ್!" ಎಂದು ಗದರಿದ ಮಗ.

ಸೊಸೆಯ ಕೈ ಅಂಟಿನ ಬಟ್ಟಲಲ್ಲೇ ನಿಂತಿತು. ಅವಳು ತಲೆಯೆತ್ತಿ ಮಾವನನ್ನು ನೋಡಿದಳು.

ತಾತ ಚಾಕು ಕೆಳಗಿಟ್ಟರು. ಎದ್ದು ಒಳಗೆ ಹೋದರು. ಟ್ರಂಕು ನೆಲಕ್ಕೆ ಉಜ್ಜುವ ಸದ್ದು ಹೊರಗಿನವರಿಗೆ ಕೇಳಿಸಿತು. ಹಿಂತಿರುಗಿದಾಗ ಅವರ ಕೈಯಲ್ಲಿ ನಾಲ್ಕು ಮಡಿಕೆಯ ಹಾಳೆಯಿತ್ತು, ಅದಕ್ಕೊಂದು ಸ್ವೆಟರಿನ ಎಳೆ ಸಿಕ್ಕಿಕೊಂಡಿತ್ತು. ಹಾಳೆಯನ್ನು ಮೊಮ್ಮಗಳ ಮುಂದೆ ಬಿಡಿಸಿದರು.

"ಇದು ಓದು. ಕೆಂಪು ಗೀಟಿನ ಕೆಳಗಿರೋದು."

"ಬೆಳೆಸಿದವರಿಗೆ."

"ಕೆಂಪಲ್ಲಿ ಏನು ಬರೆದಿದೆ?"

"ಬಳ. ಮೇಲಿನ ಸಾಲಿನಂತೆ." ಹುಡುಗಿ ತಲೆಯೆತ್ತಿದಳು. "ಇದು ನಿನ್ ಅಕ್ಷರ, ತಾತ."

"ನಂದೇ. ಸರಿಯಾಗಿದ್ದ ಮಾತನ್ನ ನಾನು ಕೆಡಿಸಿದೆ. ಕಾಡಿನ ಅಂಕ ಬೆಳೆಸಿದೋರಿಗೇ. ನಿಮ್ಮಮ್ಮ ಹೇಳಿದ್ದೇ ಸರಿ. ಅವಳು ಮೋಸ ಮಾಡ್ಲಿಲ್ಲ. ಪುಸ್ತಕ ತಪ್ಪು, ನಾನು ತಪ್ಪು." ಸೊಸೆಯ ಕಡೆ ತಿರುಗಲು ಆಗಲಿಲ್ಲ, ಆಲೂಗಡ್ಡೆಗೆ ಹೇಳುವವರಂತೆ ಹೇಳಿದರು: "ಏಳನೇ ಕ್ಲಾಸು ಅಂತೆಲ್ಲ ಅಂದೆ. ಅನ್ಬಾರ್ದಿತ್ತು. ನಂಗೆ ಮುಖ ಎತ್ತೋಕಾಗ್ತಿಲ್ಲಮ್ಮ."

"ಯಾವಾಗ ಗೊತ್ತಾಯ್ತಪ್ಪ ಇದು?" ಎಂದ ಮಗ.

"ಜಗಳ ಆದ ಮೂರನೇ ದಿನ."

"ಅಂದ್ರೆ ಮೂರು ವಾರದ ಮೇಲಾಯ್ತು!"

"ಹೂಂ."

ಮಗ ಏನೋ ಹೇಳಲು ಬಾಯಿ ತೆರೆದ. ತಾನು ನಾಲ್ಕು ಭಾನುವಾರ ಹೆಂಡತಿಯ ಕಾಡಿನಲ್ಲಿ ಊರು ಕಟ್ಟಿ ಗೆದ್ದು ಮೈಮುರಿದದ್ದು ನೆನಪಾಗಿ ಬಾಯಿ ಮುಚ್ಚಿಕೊಂಡ. ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದ, ಅಲ್ಲಿ ನಲ್ಲಿ ಬಿಟ್ಟ ಸದ್ದಾಯಿತು.

ಸೊಸೆ ಕೈ ಒರೆಸಿಕೊಂಡಳು. ಗೋಡೆಯ ಮೊಳೆಗೆ ತೂಗುಹಾಕಿದ್ದ ತನ್ನ ಚೀಲ ತೆಗೆದು, ಊಟದ ಡಬ್ಬಿಯ ಕೆಳಗಿಂದ ಒಂದು ಲಕೋಟೆ ಎಳೆದಳು. ಅದರಿಂದ ಬೆರಳಗಲದ ಬಿಳಿ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ‘ಪುಟ ೧೭: ಪ್ರತಿ ಕಾಡಿಗೆ ಎರಡು ಅಂಕ, ಅದನ್ನು ಬೆಳೆಸಿದವರಿಗೆ ಎಂದು ಓದಿಕೊಳ್ಳಿ.’

ತಾತ ಚೀಟಿಯನ್ನೂ ಅವಳನ್ನೂ ನೋಡಿದರು.

"ನಮ್ಮ ಅಂಗಡಿಗೇ ಬಂತು ಮಾವ. ನಾನೂರು ಪ್ರತಿ. ನಾನೇ ಅಂಟಿಸಿದ್ದು. ಇದೊಂದು ಮನೇದಕ್ಕೆ ಅಂತ ಇಟ್ಕೊಂಡಿದ್ದೆ."

"ಯಾವತ್ತು?"

"ಹದಿನೇಳು ದಿನ ಆಯ್ತು."

"ಮತ್ತೆ... ಮತ್ತೆ ಯಾಕಮ್ಮ ಕೇಳ್ಲಿಲ್ಲ ನನ್ನನ್ನ?"

"ಕೇಳಿದ್ನಲ್ಲ ಮಾವ. ಎರಡು ಸಲ ಕೇಳ್ದೆ, ಏನಾದ್ರೂ ಹೇಳೋದಿತ್ತಾ ಅಂತ."

ತಾತ ಕುರ್ಚಿಯಲ್ಲಿ ಕೂತರು. ಹಾಲಿನ ಪಾತ್ರೆ ಹಿಡಿದು ಅವಳು ನಿಂತಿದ್ದ ಆ ಎರಡು ಬೆಳಗೂ ಕಣ್ಣಮುಂದೆ ಬಂದವು. ಸೊಸೆಗೆ ಗೊತ್ತಿಲ್ಲ ಎಂದುಕೊಂಡು ಅವರು ಬಚ್ಚಿಟ್ಟಿದ್ದರು. ಗೊತ್ತಿದ್ದೂ ಅವಳು ಅವರಿಗೆ ಹದಿನೇಳು ದಿನ ಅವಕಾಶ ಕೊಟ್ಟಿದ್ದಳು. ಇವತ್ತಿನ ಮಾತೂ ಮಗು ಬಾಯಿಬಿಟ್ಟದ್ದಕ್ಕೆ ಬಂದದ್ದು, ತಾನಾಗಿ ಬಂದದ್ದಲ್ಲ. ಏನಾದರೂ ಮಾಡಬೇಕೆಂದು, ಅಭ್ಯಾಸದಂತೆ, ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು.

"ಸರಿಯಾಗಿದೆ ಮಾವ, ನೋಡ್ಬೇಡಿ" ಎಂದಳು ಸೊಸೆ. "ಮೊದಲು ಬಂದ ಚೀಟೀಲಿ ‘ಬೆಳಸಿದವರಿಗೆ’ ಅಂತ ಇತ್ತು. ಳೆಗೆ ಎತ್ವ ಬಿಟ್ಟಿದ್ರು. ನಾನೇ ವಾಪಸ್ ಕಳಿಸಿ ಮತ್ತೆ ಅಚ್ಚು ಹಾಕಿಸ್ದೆ."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಮಗಳು ಪರೀಕ್ಷೆಯ ಹಾಳೆಯನ್ನು ಅಮ್ಮನ ಕಡೆ ಮೆಲ್ಲಗೆ ತಳ್ಳಿದಳು.

"ನಾನು ಹಾಕಿದ್ ಸಹಿ ಅಳಿಸಿ ನಿಂದು ಹಾಕಮ್ಮ."

"ಅಳಿಸಲ್ಲ. ಪಕ್ಕದಲ್ಲಿ ಹಾಕ್ತೀನಿ. ಸೋಮವಾರ ಟೀಚರಿಗೆ ನೀನೇ ಹೇಳು, ಮೊದಲಿಂದು ಯಾರ್ದು ಅಂತ."

ತಾತ ಪೆಟ್ಟಿಗೆಯಿಂದ ನಿಯಮದ ಪುಸ್ತಕ ತಂದರು. ಹದಿನೇಳನೇ ಪುಟ ತೆರೆದು, ಬೆರಳಲ್ಲಿ ಧಾರಾಳವಾಗಿ ಅಂಟು ತೆಗೆದು, ಚೀಟಿಯ ಹಿಂಬದಿಗೆಲ್ಲ ಬಳಿಯಲು ಹೊರಟರು. ಆ ಸಾಲನ್ನು ಮತ್ತೆಂದೂ ನೋಡದ ಹಾಗೆ ಮುಚ್ಚಿಬಿಡುವ ಅವಸರ ಅವರಿಗೆ. ಸೊಸೆ ಅವರ ಮಣಿಕಟ್ಟು ಹಿಡಿದಳು.

"ಹಂಗಲ್ಲ ಮಾವ. ತಲೆಗೆ ಮಾತ್ರ ಅಂಟು. ಮೇಲಿನ ಅಂಚಿಗೆ, ಒಂದು ಗೆರೆಯಷ್ಟು."

"ಹಾಗಂಟಿಸಿದ್ರೆ ಕೆಳಗಿಂದು ಕಾಣ್ಸುತ್ತಲ್ಲಮ್ಮ."

"ಕಾಣ್ಬೇಕು ಮಾವ. ಚೀಟಿ ಎತ್ತಿದ್ರೆ, ಏನು ತಪ್ಪಾಗಿತ್ತು ಅಂತ ಓದೋಕಾಗ್ಬೇಕು. ನಾನೂರಕ್ಕೂ ಹಂಗೇ ಅಂಟಿಸಿದ್ದೀನಿ."

ತಾತ ಬೆರಳನ್ನು ಒರೆಸಿಕೊಂಡರು. ಅಂಚಿಗೆ ಒಂದು ಗೆರೆಯಷ್ಟು ಅಂಟು ಹಚ್ಚಿ ಚೀಟಿಯನ್ನು ಇಟ್ಟರು. ಸ್ವಲ್ಪ ಓರೆಯಾಯಿತು. ಸೊಸೆ ಅದನ್ನು ನೇರ ಮಾಡಲಿಲ್ಲ.

ಮರುದಿನ ಭಾನುವಾರ ಹಲಗೆ ಬಿಡಿಸಿದಾಗ ತಾತ ಪುಸ್ತಕ ಮುಟ್ಟಲಿಲ್ಲ. ಅದನ್ನು ಸೊಸೆಯ ಕಡೆ ಸರಿಸಿದರು. "ನೀನೇ ಓದಮ್ಮ, ನಾವು ಕೇಳ್ತೀವಿ." ಅವಳು ಮೊದಲ ಪುಟದಿಂದ, ಗಾಳಿಯಿಲ್ಲದ ನೀರಿಲ್ಲದ ಗ್ರಹದಿಂದ, ಒಂದೊಂದೇ ನಿಯಮ ಓದುತ್ತ ಬಂದಳು. ಹದಿನೇಳನೇ ಪುಟ ಬಂದಾಗ ಮಗಳು ಕೈಚಾಚಿ ಚೀಟಿಯನ್ನು ಎತ್ತಿ ಕೆಳಗಿನದನ್ನು ಒಂದು ಸಲ ಗಟ್ಟಿಯಾಗಿ ಓದಿದಳು, ಬಿಟ್ಟು ಮೇಲಿನದನ್ನು ಇನ್ನೊಂದು ಸಲ ಓದಿದಳು. ಮಗ ಹಸಿರು ಬಿಲ್ಲೆಗಳ ರಾಶಿಗೆ ಕೈಹಾಕಿದ. ತಾತ ಎರಡು ಸಾಲನ್ನೂ ತಲೆತಗ್ಗಿಸಿ ಕೇಳಿಸಿಕೊಂಡರು, ಆಮೇಲೆ ತಮ್ಮ ಸರದಿ ಬರಲಿ ಎಂದು ಕಾದು ಕೂತರು.